ಕಡಲಹಸುವನ್ನು ಕಂಡ ಸ್ಟೆಲ್ಲರ್

ಗೆಯೋರ್ಗ್ ವಿಲ್‌ಹೆಲ್ಮ್ ಸ್ಟೆಲ್ಲರ್ 1709ರಲ್ಲಿ ಜರ್ಮನಿಯ ವಿಂಡ್ಸ್‌ಹೈಮ್ ಪಟ್ಟಣದಲ್ಲಿ ಜನಿಸಿದನು. ಧರ್ಮಶಾಸ್ತ್ರ ಓದಲು ವಿಟೆನ್‌ಬರ್ಗ್‌ಗೆ ಹೋದ ತರುಣನ ಮನಸ್ಸು ಸಸ್ಯಶಾಸ್ತ್ರ, ವೈದ್ಯಗಳತ್ತ ಹೊರಳಿತು. 1734ರಲ್ಲಿ ರಷ್ಯಾ ಸೇರಿ, ಮುಂದೆ ಸೈಬೀರಿಯಾವನ್ನು ದಾಟಿ ಕಮ್ಚಾಟ್ಕಾ ತಲುಪಿ, 1741ರ ಜೂನ್ ತಿಂಗಳಲ್ಲಿ ಕಪ್ತಾನ ವಿಟಸ್ ಬೇರಿಂಗನ ಹಡಗನ್ನೇರಿದನು. ಅಮೆರಿಕದ ವಾಯವ್ಯ ತೀರವನ್ನು ಹುಡುಕುವುದು ಯಾತ್ರೆಯ ಉದ್ದೇಶವಾಗಿತ್ತು.

ಜುಲೈಯಲ್ಲಿ ತೀರವೇನೋ ಕಂಡಿತು. ಆದರೆ ಬೇರಿಂಗನಿಗೆ ಬೇಕಾದದ್ದು ಕುಡಿಯುವ ನೀರು ಮಾತ್ರ. ಬಹಳ ವಾದಿಸಿದ ಮೇಲೆ ಕಯಾಕ್ ದ್ವೀಪದಲ್ಲಿ ಇಳಿಯಲು ಸ್ಟೆಲ್ಲರನಿಗೆ ಅಪ್ಪಣೆ ದೊರೆಯಿತು. ವರ್ಷಗಟ್ಟಲೆಯ ಸಿದ್ಧತೆಗೆ ಪ್ರತಿಫಲವಾಗಿ ಸಿಕ್ಕಿದ್ದು ಸುಮಾರು ಹತ್ತು ಗಂಟೆ. ಅಷ್ಟರಲ್ಲೇ ಗಿಡಮೂಲಿಕೆಗಳನ್ನು ಕಲೆಹಾಕಿದನು. ನೆಲದಡಿ ಹೊಗೆಯೂಡಿಸಿದ ಮೀನನ್ನು ಕೂಡಿಟ್ಟ ನೆಲಮಾಳಿಗೆಯನ್ನು ಕಂಡನು. ತಲೆಯ ಮೇಲೆ ಜುಟ್ಟಿದ್ದ ನೀಲಿ ಹಕ್ಕಿಯೊಂದು, ಕರೋಲಿನಾದ ಹಕ್ಕಿಗಳ ಚಿತ್ರಗ್ರಂಥದಲ್ಲಿ ತಾನು ನೋಡಿದ್ದ ಹಕ್ಕಿಯನ್ನು ಹೋಲುವುದೆಂದು ಗುರುತಿಸಿ, ತಾವು ತಲುಪಿರುವುದು ಅಮೆರಿಕವೇ ಎಂದು ನಿರ್ಧರಿಸಿದನು. ನಕ್ಷೆಗಳು ಹೇಳಲಾರದ್ದನ್ನು ಒಂದು ಹಕ್ಕಿ ಹೇಳಿತು.

ಹಿಂದಿರುಗುವ ಹಾದಿಯಲ್ಲಿ ಸ್ಕರ್ವಿ ರೋಗ ನಾವಿಕರನ್ನು ಒಬ್ಬೊಬ್ಬರನ್ನಾಗಿ ಕೆಡವಿತು. ಸೊಪ್ಪು ತಿನ್ನಿರೆಂಬ ಸ್ಟೆಲ್ಲರನ ಸಲಹೆಗೆ ಅಧಿಕಾರಿಗಳು ಮೊದಲು ಬೆಲೆ ಕೊಡಲಿಲ್ಲ. ನವೆಂಬರಿನಲ್ಲಿ ಮರವೊಂದೂ ಇಲ್ಲದ ನಿರ್ಜನ ದ್ವೀಪವೊಂದಕ್ಕೆ ಹಡಗು ಬಂದು ತಾಗಿತು. ಮರಳಿನಲ್ಲಿ ತೋಡಿದ ಗುಂಡಿಗಳೇ ಮನೆಗಳಾದವು. ನರಿಗಳಿಗೆ ಮನುಷ್ಯರ ಭಯವೆಂಬುದೇ ಇರಲಿಲ್ಲ. ಸತ್ತವರನ್ನು ಹೂಳುವುದಕ್ಕೂ ಮೊದಲೇ ಅವು ಮುತ್ತುತ್ತಿದ್ದವು. ಡಿಸೆಂಬರ್ 8ರಂದು ಬೇರಿಂಗ್ ಅಲ್ಲಿಯೇ ತೀರಿಕೊಂಡನು. ಈಗ ಆ ದ್ವೀಪಕ್ಕೆ ಅವನದೇ ಹೆಸರು.

ಇಂಥ ಸಂಕಟದ ನಡುವೆ ಸ್ಟೆಲ್ಲರನು ನೋಡುವುದನ್ನು ನಿಲ್ಲಿಸಲಿಲ್ಲ. ಸೀಲ್‌ಗಳು ಮರಿಹಾಕುವ ದಂಡೆಯ ಬಳಿ ಗುಡಿಸಲು ಕಟ್ಟಿಕೊಂಡು ದಿನಗಟ್ಟಲೆ ಕುಳಿತು ಅವುಗಳ ಜಗಳ, ಸಂಸಾರ, ಮರಿಗಳ ಆಟಗಳನ್ನು ಬರೆದಿಟ್ಟನು. ಆದರೆ ಅವನ ಹೆಸರನ್ನು ಉಳಿಸಿದ್ದು ಕಡಲಹಸು. ದಂಡೆಗೆ ಹತ್ತಿರವೇ ಮಂದೆಮಂದೆಯಾಗಿ ಕಡಲಪಾಚಿ ಮೇಯುತ್ತಿದ್ದ ಆ ಸಾಧುಪ್ರಾಣಿಗೆ ಹಲ್ಲುಗಳಿರಲಿಲ್ಲ. ತೊಗಲು ಮುದಿ ಮರದ ತೊಗಟೆಯಂತಿತ್ತು. ನೀರಿನ ಮೇಲೆ ತೇಲುವ ಬೆನ್ನಿನ ಮೇಲೆ ಕಡಲಹಕ್ಕಿಗಳು ಕುಳಿತು ಹುಳು ಹೆಕ್ಕುತ್ತಿದ್ದವು. ಮರಿಗಳನ್ನು ಮಂದೆಯ ನಡುವೆ ಇರಿಸಿಕೊಂಡು ಹಿರಿಯವು ಸುತ್ತ ಮೇಯುತ್ತಿದ್ದವು. ಈಟಿ ತಗುಲಿದ ಹೆಣ್ಣನ್ನು ದಡಕ್ಕೆಳೆದಾಗ ಗಂಡು ಬೆನ್ನಟ್ಟಿ ಬಂದು, ಮರುದಿನವೂ ಅದರ ಬಳಿಯೇ ಸುಳಿಯಿತೆಂಬುದನ್ನು ಅವನು ದಾಖಲಿಸಿದ್ದಾನೆ. ಆ ಮಾಂಸವನ್ನು ಅವನೂ ತಿಂದನು. ಹಸಿದವರ ಪ್ರಾಣ ಉಳಿಸಿದ್ದು ಅದೇ.

1742ರ ಜುಲೈ 12ರಂದು ಹೆಣ್ಣು ಪ್ರಾಣಿಯೊಂದನ್ನು ಅಳೆದು ಸೀಳಿ ಪರೀಕ್ಷಿಸಿದನು. ಉದ್ದ ಸುಮಾರು 7.5 ಮೀಟರ್. ಕೆಲಸಕ್ಕೆ ಹೊಗೆಸೊಪ್ಪಿನ ಕೂಲಿ ಪಡೆದವರು ಅಂಗಾಂಗಗಳನ್ನು ಹರಿದುಹಾಕಿದರು. ನರಿಗಳು ಕಾಗದ, ಮಸಿಕುಡಿಕೆಗಳನ್ನು ಹೊತ್ತೊಯ್ದವು. ಒಡೆದ ಹಡಗಿನ ಹಲಗೆಗಳಿಂದ ಕಟ್ಟಿದ ಚಿಕ್ಕ ನೌಕೆಯಲ್ಲಿ 46 ಮಂದಿ ಆಗಸ್ಟ್‌ನಲ್ಲಿ ಹೊರಟರು. ಕಡಲಹಸುವಿನ ಅಸ್ಥಿಪಂಜರಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಕಮ್ಚಾಟ್ಕಾದ ಮೂಲನಿವಾಸಿಗಳ ಪರವಾಗಿ ನಿಂತುದಕ್ಕಾಗಿ ಅವನು ಅಧಿಕಾರಿಗಳ ಆಪಾದನೆಗೆ ಗುರಿಯಾದನು. ಆರೋಪದಿಂದ ಮುಕ್ತನಾದರೂ ಸೇಂಟ್ ಪೀಟರ್ಸ್‌ಬರ್ಗ್ ಮುಟ್ಟಲಿಲ್ಲ. 1746ರ ನವೆಂಬರಿನಲ್ಲಿ ತ್ಯುಮೆನ್ ಪಟ್ಟಣದಲ್ಲಿ ಜ್ವರದಿಂದ ಮೃತನಾದನು. ವಯಸ್ಸು 37. ಸಮುದ್ರಪ್ರಾಣಿಗಳ ಕುರಿತ ಅವನ ಲ್ಯಾಟಿನ್ ಗ್ರಂಥ ಅಚ್ಚಾದದ್ದು 1751ರಲ್ಲಿ.

ಬದುಕಿ ಬಂದವರು ತಂದ ಕಡಲ ನೀರುನಾಯಿಯ ತೊಗಲಿನ ಆಸೆಗೆ ಬೇಟೆಗಾರರ ಹಡಗುಗಳು ಆ ದ್ವೀಪಗಳತ್ತ ಧಾವಿಸಿದವು. ಅವರಿಗೆ ಊಟವಾಗುತ್ತ ಕಡಲಹಸುಗಳು 1768ರ ವೇಳೆಗೆ ನಿರ್ನಾಮವಾದವು. ಅದರ ಚಿಕ್ಕ ದಾಯಾದಿ ಡ್ಯೂಗಾಂಗ್ ಇಂದಿಗೂ ಮನ್ನಾರ್ ಕೊಲ್ಲಿಯಲ್ಲಿ ವಿರಳವಾಗಿ ಉಳಿದಿದೆ. ಜೀವಂತ ಕಡಲಹಸುವನ್ನು ಕಣ್ಣಾರೆ ಕಂಡು ವಿವರಿಸಿದ ಪ್ರಕೃತಿವಿಜ್ಞಾನಿ ಸ್ಟೆಲ್ಲರನೊಬ್ಬನೇ.