ಕಡಲ ತಳದ ತಂತಿಗೆ ನಾಡಿ ಹಿಡಿದ ವಿಲಿಯಂ ಥಾಮ್ಸನ್

ಮಕ್ಕಳೇ, ಶಾಲೆಯ ಕಂಪ್ಯೂಟರಿನಲ್ಲಿ ಅಂತರಜಾಲ ಸಂಪರ್ಕ ಒಮ್ಮೆ ಬಂದು ಒಮ್ಮೆ ಹೋಗುವುದನ್ನು ನೀವು ನೋಡಿದ್ದೀರಾ? ಪೂರ್ತಿ ಕೆಟ್ಟ ಯಂತ್ರದ ದೋಷ ಬೇಗ ಸಿಗುತ್ತದೆ. ಬಂದು ಹೋಗುವ ದೋಷವಾದರೋ ನಾವು ಹುಡುಕಲು ಕುಳಿತಾಗಲೇ ಮಾಯವಾಗಿಬಿಡುತ್ತದೆ! ಅಂಥ ದೋಷ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ತಂತಿಯಲ್ಲಿ, ಅದೂ ಸಮುದ್ರದ ತಳದಲ್ಲಿದ್ದರೆ? ಈ ಕಷ್ಟದ ಕೆಲಸಕ್ಕೆ ಕೈಹಾಕಿದ ವಿಜ್ಞಾನಿಯ ಕಥೆ ಇದು.

ವಿಲಿಯಂ ಥಾಮ್ಸನ್ ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಬಾಲಕನಿಗೆ ಗಣಿತದ ಅಧ್ಯಾಪಕರಾಗಿದ್ದ ತಂದೆಯೇ ಪಾಠ ಹೇಳಿದರು. ಹತ್ತನೆಯ ವಯಸ್ಸಿಗೇ ಆತ ಗ್ಲಾಸ್ಗೋ ವಿಶ್ವವಿದ್ಯಾನಿಲಯ ಸೇರಿದ. 1846ರಲ್ಲಿ, ಕೇವಲ 22ನೆಯ ವಯಸ್ಸಿನಲ್ಲಿ, ಅಲ್ಲಿಯೇ ಪ್ರಾಧ್ಯಾಪಕನಾಗಿ 53 ವರ್ಷ ಪಾಠ ಮಾಡಿದರು.

ಆ ಕಾಲದಲ್ಲಿ ಯೂರೋಪಿನಿಂದ ಅಮೆರಿಕಕ್ಕೆ ಹಡಗಿನಲ್ಲಿ ಸುದ್ದಿ ಮುಟ್ಟಲು ಸುಮಾರು ಹತ್ತು ದಿನ ಬೇಕಾಗುತ್ತಿತ್ತು. ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಸಿ ಟೆಲಿಗ್ರಾಫ್ ಕಳುಹಿಸಲು ಒಂದು ಕಂಪನಿ ಹೊರಟಿತು. ತಾಮ್ರದ ತಂತಿಯ ಮೇಲೆ ಗಟ್ಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಅದರ ಮೇಲೆ ಕಬ್ಬಿಣದ ತಂತಿಗಳ ಕವಚ. 1858ರ ಆಗಸ್ಟಿನಲ್ಲಿ ಸಂಪರ್ಕವೇನೋ ಸಿಕ್ಕಿತು. ಆದರೆ ಸಂಕೇತಗಳು ತೀರ ಕ್ಷೀಣ. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು!

ಥಾಮ್ಸನ್ ಇದಕ್ಕೆಂದೇ ಒಂದು ಉಪಕರಣ ಮಾಡಿದ್ದರು. ತಂತಿ ಸುರುಳಿಯ ನಡುವೆ ರೇಷ್ಮೆ ಎಳೆಯಿಂದ ತೂಗುಬಿಟ್ಟ ಪುಟ್ಟ ಕನ್ನಡಿ; ಅದರ ಬೆನ್ನಿಗೆ ಪುಟ್ಟ ಕಾಂತಗಳು. ಅತ್ಯಲ್ಪ ವಿದ್ಯುತ್ ಹರಿದರೂ ಕನ್ನಡಿ ತಿರುಗಿ, ದೀಪದ ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಸರಿಯುತ್ತಿತ್ತು. ಅದೇ ಕನ್ನಡಿ ಗ್ಯಾಲ್ವನೋಮೀಟರ್. ಸಣ್ಣ ವಿದ್ಯುತ್ ಸಾಕೆಂಬುದು ಥಾಮ್ಸನ್ ವಾದ. ಕಂಪನಿಯ ವಿದ್ಯುತ್ ಅಧಿಕಾರಿ ವೈಟ್‌ಹೌಸ್ ಒಪ್ಪಲಿಲ್ಲ. ಸುಮಾರು 2,000 ವೋಲ್ಟ್ ಹಾಯಿಸಿದರು. ಮೊದಲೇ ದುರ್ಬಲವಾಗಿದ್ದ ಹೊದಿಕೆ ಇನ್ನಷ್ಟು ಹಾಳಾಯಿತು. ಮೂರೇ ವಾರಗಳಲ್ಲಿ ತಂತಿ ಮೂಕವಾಯಿತು.

1865ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ಭಾರಿ ಹಡಗು ಹೊಸ ತಂತಿಯೊಂದಿಗೆ ಹೊರಟಿತು. ಥಾಮ್ಸನ್ ಕೂಡ ಹಡಗಿನಲ್ಲಿದ್ದರು. ತಂತಿ ನೀರಿಗಿಳಿಯುತ್ತಿದ್ದಾಗಲೇ ಅದನ್ನು ಪರೀಕ್ಷಿಸುತ್ತಲೇ ಇದ್ದರು. ಸ್ಥಿರವಾಗಿದ್ದ ಬೆಳಕಿನ ಚುಕ್ಕೆ ಥಟ್ಟನೆ ಸರಿದರೆ, ವಿದ್ಯುತ್ ಎಲ್ಲೋ ಸಮುದ್ರಕ್ಕೆ ಸೋರುತ್ತಿದೆ ಎಂದರ್ಥ. ಎಲ್ಲಿ? ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚುತ್ತದೆ. ಒಂದು ಕಿಲೋಮೀಟರಿನ ರೋಧ ಗೊತ್ತಿದ್ದರೆ, ಸೋರುವ ಜಾಗದವರೆಗಿನ ರೋಧವನ್ನು ಅಳೆದು ದೂರವನ್ನು ಅಂದಾಜು ಮಾಡಬಹುದಲ್ಲವೇ?

ತಂತಿಯನ್ನು ಮೇಲೆಳೆದು ನೋಡಿದಾಗ, ಹೊದಿಕೆಯೊಳಗೆ ಕಬ್ಬಿಣದ ಸಣ್ಣ ಚೂರು ಚುಚ್ಚಿಕೊಂಡಿತ್ತು. ಮತ್ತೊಮ್ಮೆಯೂ ಹಾಗೆಯೇ ಆಯಿತು. ಯಾರೋ ಕೆಲಸಗಾರರು ಬೇಕೆಂದೇ ಚುಚ್ಚಿದ್ದಾರೆಂಬ ಅನುಮಾನ ಹುಟ್ಟಿ, ಕಾವಲು ಹಾಕಲಾಯಿತು. ಕೊನೆಗೆ ತಿಳಿದದ್ದೇ ಬೇರೆ: ಕವಚದ ಪೆಡಸಾದ ಕಬ್ಬಿಣದ ತಂತಿಯೇ ಮುರಿದು ಒಳಗೆ ಚುಚ್ಚುತ್ತಿತ್ತು! ಚೆನ್ನಾಗಿ ಪರೀಕ್ಷಿಸಿದ್ದರಿಂದ ನಿರಪರಾಧಿಗಳ ಮೇಲಿನ ಅಪವಾದ ತಪ್ಪಿತು. ಆದರೆ ಆಗಸ್ಟ್ 2ರಂದು, ಮೇಲೆಳೆಯುವಾಗ ತಂತಿ ತುಂಡಾಗಿ ಸಮುದ್ರ ಸೇರಿತು.

ಅವರು ಕೈಚೆಲ್ಲಲಿಲ್ಲ. ಮರುವರ್ಷ, 1866ರ ಜುಲೈ 27ರಂದು ಹೊಸ ತಂತಿ ದಡ ಮುಟ್ಟಿತು. ಮುಳುಗಿದ್ದ ಹಳೆಯ ತಂತಿಯನ್ನೂ ಕೊಕ್ಕೆ ಹಾಕಿ ಎತ್ತಿ, ಜೋಡಿಸಿ ಪೂರ್ಣಗೊಳಿಸಿದರು. ಥಾಮ್ಸನ್ನರಿಗೆ ಸರ್ ಪದವಿ ದೊರೆಯಿತು. 1892ರಲ್ಲಿ ಅವರು ಲಾರ್ಡ್ ಕೆಲ್ವಿನ್ ಆದರು. ತಾಪವನ್ನು ಅಳೆಯುವ ಕೆಲ್ವಿನ್ ಮಾನಕ್ಕೆ ಅವರದೇ ಹೆಸರು. 1907ರ ಡಿಸೆಂಬರ್ 17ರಂದು ನಿಧನರಾದ ಅವರ ಸಮಾಧಿ ಲಂಡನ್ನಿನಲ್ಲಿ ನ್ಯೂಟನ್ನರ ಸಮಾಧಿಯ ಬಳಿಯೇ ಇದೆ.

ಇಂದು ಮುಂಬಯಿ, ಚೆನ್ನೈ ತೀರಗಳಿಗೆ ಬರುವ ಸಮುದ್ರದ ತಂತಿಗಳಲ್ಲಿ ಬೆಳಕು ಹರಿಯುತ್ತದೆ. ಅದರಲ್ಲಿ ದೋಷವಿದ್ದರೆ ಬೆಳಕಿನ ಮಿಡಿತವನ್ನು ಕಳುಹಿಸಿ, ಅದು ಮರಳಲು ತೆಗೆದುಕೊಂಡ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತಾರೆ.

ಮಾಡಿ ನೋಡಿ: ಟಾರ್ಚಿನ ಸೆಲ್, ಪುಟ್ಟ ಬಲ್ಬು, ಮೂರು ತುಂಡು ತಂತಿ ಜೋಡಿಸಿ ಬಲ್ಬು ಬೆಳಗಿಸಿ. ನಿಮಗೆ ಕಾಣದಂತೆ ಗೆಳತಿಯೊಬ್ಬಳು ಒಂದು ಗಂಟನ್ನು ಸಡಿಲಿಸಲಿ. ಈಗ ಒಂದೊಂದೇ ಗಂಟನ್ನು ಮೆಲ್ಲಗೆ ಅಲುಗಿಸಿ. ಯಾವುದನ್ನು ಮುಟ್ಟಿದಾಗ ಬಲ್ಬು ಮಿನುಗುತ್ತದೆ? ಬರೆದಿಡಿ. ಮನೆಯ ಕರೆಂಟಿನ ತಂತಿಯಲ್ಲಿ ಮಾತ್ರ ಎಂದಿಗೂ ಹೀಗೆ ಮಾಡಬೇಡಿ.