ಗಾಳಿಯ ದಿಕ್ಕು ಬಿಡಿಸಿದ ವಕೀಲ

ಎಂಜಿನಿಯರಿಂಗ್ ಓದಿದ ನಾನು ಜಾರ್ಜ್ ಹ್ಯಾಡ್ಲಿಯನ್ನು ವೃತ್ತಿಯಿಂದ ವಿಜ್ಞಾನಿ ಅಂತಲೇ ನಂಬಿದ್ದೆ. 1685ರಲ್ಲಿ ಹುಟ್ಟಿದ ಈತ ಓದಿದ್ದು ವಕೀಲಿಕೆ!

ಭೂಮಧ್ಯರೇಖೆಯ ಬಳಿ ಬಿಸಿಲು ಜಾಸ್ತಿ. ಅಲ್ಲಿ ಕಾದ ಗಾಳಿ ಮೇಲೇರುತ್ತೆ, ಆ ಜಾಗಕ್ಕೆ ಉತ್ತರ-ದಕ್ಷಿಣಗಳಿಂದ ತಂಪುಗಾಳಿ ನುಗ್ಗುತ್ತೆ. ಇಷ್ಟನ್ನು ಎಡ್ಮಂಡ್ ಹ್ಯಾಲಿ 1686ರಲ್ಲೇ ಹೇಳಿದ್ದ. ಆದರೆ ಹಡಗುಗಳನ್ನು ಅಟ್ಲಾಂಟಿಕ್ ದಾಟಿಸುವ ಆ ಗಾಳಿ ಪಶ್ಚಿಮಕ್ಕೆ ಹೊರಳೋದು ಯಾಕೆ? ಸೂರ್ಯನ ಹಿಂದೆ ಹೋಗುತ್ತೆ ಅನ್ನೋದು ಹ್ಯಾಲಿಯ ವಾದ. 1735ರಲ್ಲಿ ಹ್ಯಾಡ್ಲಿ ರಾಯಲ್ ಸೊಸೈಟಿಗೆ ಕೊಟ್ಟ ಪುಟ್ಟ ಪ್ರಬಂಧ ಬೇರೆ ಮಾತು ಹೇಳಿತು: ತಿರುಗುವ ಭೂಮಿಯ ನಡುಭಾಗದ ವೇಗ ಹೆಚ್ಚು, ಅಲ್ಲಿಗೆ ಬಂದ ಗಾಳಿ ಹಿಂದೆ ಬೀಳುತ್ತೆ. ಲೆಕ್ಕದಲ್ಲಿ ತಪ್ಪಿತ್ತು, ದಾರಿ ಸರಿಯಿತ್ತು. ಬಹುತೇಕ ಯಾರೂ ಕಿವಿಗೊಡಲಿಲ್ಲ. 1768ರಲ್ಲಿ ತೀರಿಕೊಂಡ.

1793ರಲ್ಲಿ ಜಾನ್ ಡಾಲ್ಟನ್ ಇದನ್ನೇ ಸ್ವತಃ ಕಂಡುಕೊಂಡು, ಹ್ಯಾಡ್ಲಿಯೇ ಮೊದಲು ಅಂತ ಒಪ್ಪಿಕೊಂಡ. ಭೂಮಧ್ಯರೇಖೆಯಿಂದ ಸುಮಾರು 30 ಡಿಗ್ರಿಯವರೆಗೆ ಸುತ್ತುವ ಆ ಗಾಳಿಚಕ್ರಕ್ಕೆ ಈಗ ಹ್ಯಾಡ್ಲಿ ಕೋಶ ಅಂತಲೇ ಹೆಸರು.