ಮರುಭೂಮಿಯನ್ನು ನಮ್ಮ ಹಾಲ್‌ಗೆ ತಂದ ಡೇವಿಡ್ ರಾಬರ್ಟ್ಸ್ ಯಾರು ಗೊತ್ತಾ?

ಬೆಂಗಳೂರಿನ ಫ್ಲ್ಯಾಟ್ ಇರಲಿ, ವಿಜಯವಾಡದ ಭವಾನಿಪುರಂನ ಹೊಸ ಮನೆ ಇರಲಿ, ಹಾಲ್ ಗೋಡೆಗೆ ಪಿರಮಿಡ್, ಒಂಟೆಗಳಿರುವ ಹಳೆಯ ಮರಳುಗಾಡಿನ ಚಿತ್ರ ಹುಡುಕಿದರೆ ಪದೇ ಪದೇ ಸಿಗುವ ಹೆಸರು ಡೇವಿಡ್ ರಾಬರ್ಟ್ಸ್.

1796ರಲ್ಲಿ ಸ್ಕಾಟ್ಲೆಂಡ್‌ನ ಎಡಿನ್‌ಬರೋ ಬಳಿ ಹುಟ್ಟಿದ ಇವರ ತಂದೆ ಶೂ ಹೊಲಿಯುತ್ತಿದ್ದರು. ಮಗ ಏಳು ವರ್ಷ ಕಲಿತದ್ದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ! ಆಮೇಲೆ ನಾಟಕದ ಪರದೆ ಬರೆಯುತ್ತಾ ಲಂಡನ್‌ನ ಡ್ರೂರಿ ಲೇನ್, ಕೋವೆಂಟ್ ಗಾರ್ಡನ್ ರಂಗಮಂದಿರಗಳವರೆಗೆ ಹೋದರು.

ಪೂರ್ವದ ಚಿತ್ರ ಬರೆದು ಹೆಸರಾದ ಫ್ರಾನ್ಸ್‌ನ ಆಂಗ್ರ್ ಅತ್ತ ಕಾಲಿಟ್ಟವರೇ ಅಲ್ಲ. ರಾಬರ್ಟ್ಸ್ ಹಾಗಲ್ಲ. ನಲವತ್ತು ದಾಟಿದ ಮೇಲೆ, 1838ರಲ್ಲಿ ಈಜಿಪ್ಟ್‌ಗೆ ಹೊರಟರು. ನೈಲ್ ನದಿಯಲ್ಲಿ ದೋಣಿಯೇರಿ ಅಬು ಸಿಂಬೆಲ್ ತಲುಪಿದರು. ಕೈರೋದ ಮಸೀದಿಗಳೊಳಗೆ ಚಿತ್ರ ಬರೆಯಲು ಅನುಮತಿ ಪಡೆದು, ಅಲ್ಲಿನವರಂತೆಯೇ ಉಡುಪು ತೊಟ್ಟರು. 1839ರಲ್ಲಿ ಒಂಟೆಗಳೊಂದಿಗೆ ಸಿನಾಯ್ ದಾಟಿ ಪೆಟ್ರಾ, ಜೆರುಸಲೇಂ ನೋಡಿದರು. ಆ ಚಿತ್ರಗಳನ್ನು ಲೂಯಿ ಹಾಗ್ ಕಲ್ಲಚ್ಚಿಗೆ ಇಳಿಸಿದರು. 1842ರಿಂದ 1849ರವರೆಗೆ ಕಂತುಗಳಲ್ಲಿ ಬಂದ ಅವುಗಳಿಗೆ ವಿಕ್ಟೋರಿಯಾ ರಾಣಿಯೂ ಚಂದಾದಾರರು.

ಆದರೆ ಪರದೆ ಬರೆದ ಕೈ ಬಿಡುತ್ತದೆಯೇ? ಕಂಬಗಳು ಬೃಹತ್, ಅಲ್ಲಿ ಬದುಕುವ ಜನ ಮಾತ್ರ ಬಣ್ಣಬಣ್ಣದ ಚುಕ್ಕಿಗಳು. ಈ ಬಗೆಯ ಚಿತ್ರಗಳ ಮೇಲಿನ ದೊಡ್ಡ ತಕರಾರೇ ಇದು. ಕೊಳ್ಳುವ ಮುನ್ನ ಒಮ್ಮೆ ಆ ಚುಕ್ಕಿಗಳನ್ನೂ ಹತ್ತಿರದಿಂದ ನೋಡಿ.

1864ರ ನವೆಂಬರ್ 25ರಂದು ಲಂಡನ್‌ನ ಬೀದಿಯಲ್ಲಿ ಕುಸಿದ ರಾಬರ್ಟ್ಸ್ ಅಂದೇ ಸಂಜೆ ತೀರಿಕೊಂಡರು. ಆಗ ಅವರು ಬರೆಯುತ್ತಿದ್ದದ್ದು ಮರಳುಗಾಡಲ್ಲ, ಲಂಡನ್‌ನದೇ ಸೇಂಟ್ ಪಾಲ್ಸ್ ಚರ್ಚ್.